ಒಲ್ವೆನ್ ಅಕ್ಕನ ಪಾಸ್‌ವರ್ಡ್

ಒಲ್ವೆನ್ ಅಕ್ಕಾ,

ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದೀಯ, ಅದಕ್ಕೇ ಎಬ್ಬಿಸಲಿಲ್ಲ. ಎದ್ದ ಕೂಡಲೇ ಇದನ್ನು ಓದು.

ಕೆಟ್ಟುಹೋಗಿದ್ದ ಕಂಪ್ಯೂಟರನ್ನು ಹೋದ ವಾರ ಸರಿಮಾಡಿ, ನಿನಗೊಂದು ನನಗೊಂದು ಖಾತೆ ತೆರೆದೆಯಲ್ಲ, ಅಲ್ಲಿಂದಲೇ ಶುರುವಾಯಿತು ನೋಡು. ಇವತ್ತು ಚಾಪೆಲ್‌ನ ಪ್ರಾರ್ಥನೆಯಲ್ಲಿ ನಮ್ಮ ಮೇಳ ಹಾಡಬೇಕಾದ ವೆಲ್ಷ್ ಹಾಡುಗಳನ್ನೆಲ್ಲ ಅದು ಕೆಡುವ ಮೊದಲೇ ಟೈಪ್ ಮಾಡಿಟ್ಟವಳು ನಾನು. ಬೆಳಗ್ಗೆ ಪ್ರಿಂಟ್ ತೆಗೆಯಲು ಹೋದರೆ, ನನ್ನದೇ ಫೋಲ್ಡರ್ ತೆರೆಯಲು ನನಗೆ ಅನುಮತಿ ಇಲ್ಲವಂತೆ! ಇಡೀ ಮೇಳ ಬಾಯಿ ತೆರೆದು ನಿಂತಿರುತ್ತದೆ, ಕೈಯಲ್ಲಿ ಹಾಡಿಲ್ಲ. ನನಗೆ ಅಳುವೇ ಬಂತು.

ಪಕ್ಕದ ಮನೆಯ ಎಮ್ರಿಸ್‌ನನ್ನು ಕರೆದೆ.

"ನಿಮ್ಮಕ್ಕನ ಖಾತೆಯಿಂದ ಒಳಗೆ ಹೋದ್ರೆ ನಿಂಗೆ ಅನುಮತಿ ಕೊಡಬಹುದು. ಈ ಕಂಪ್ಯೂಟರಿಗೆ ಅವಳೇ ಅಲ್ವಾ ಯಜಮಾನಿ?" ಎಂದ.

"ಅವಳ ಪಾಸ್‌ವರ್ಡ್ ನಂಗೆಲ್ಲಿ ಗೊತ್ತಪ್ಪಾ?" ಎಂದೆ.

ನಾನು ಚಹಾ ಮಾಡಿ ತರುವಷ್ಟರಲ್ಲಿ ಹಾಡುಗಳು ಪ್ರಿಂಟರಿನಿಂದ ಒಂದೊಂದಾಗಿ ಇಳಿಯುತ್ತಿದ್ದವು.

"ಅಯ್ಯೋ, ಹೇಗೆ ತೆಗೆದ್ಯೋ?"

"ಏನು ಹೊಡೀಬೇಕು ಅಂತ ತೋಚ್ಲಿಲ್ಲ. ಸುಮ್ನೆ ನನ್ನ ಹೆಸರು ಹೊಡೆದೆ, ತೆರ್‍ಕೊಳ್ತು" ಎಂದವನ ಕಿವಿಗಳೆರಡೂ ಕೆಂಪಾಗಿದ್ದವು. ಚಹಾ ಕುಡಿಯುವುದನ್ನೂ ಮರೆತು ಹೋದ.

ಒಲೆಯ ಮೇಲೆ ಕುರಿಮಾಂಸದ ಸಾರಿದೆ, ಬಿಸಿಮಾಡಿಕೊ. ಬೆಕ್ಕಿಗೆ ಹಾಲು ಕೊಟ್ಟಾಗಿದೆ, ಅದರ ನಾಟಕ ನಂಬಬೇಡ.

ಮೂರು ಗಂಟೆಗೆ ಚಾಪೆಲ್‌ಗೆ ಬಾ. ಆ ಹಳೇ ಸ್ವೆಟರ್ ಬೇಡ, ನೀಲಿ ಕೋಟು ಹಾಕಿಕೊ. ಎಮ್ರಿಸ್ ಗೇಟಿನ ಹತ್ತಿರ ಕಾಯುತ್ತಾನಂತೆ. ಮುಂದಿನ ಸಾಲಿನಲ್ಲಿ ನಿಮ್ಮಿಬ್ಬರಿಗೂ ಅಕ್ಕಪಕ್ಕದಲ್ಲೇ ಜಾಗ ಹಿಡಿದಿರುತ್ತೇನೆ.

ಮೆರೆರಿದ್