ಅಂಕಿತಾಳ ರಜೆಯ ಕೆಲಸ

೧೨ ಏಪ್ರಿಲ್, ಶನಿವಾರ. ಹಳದೀಪುರ.

ಇಡೀ ದಿನ ಅದೇ ಮಾತು ತಲೆಯಲ್ಲಿ. ಧಾರವಾಡದಲ್ಲಿ ಕೃಷಿ ಓದುತ್ತಿರುವ ಮೊಮ್ಮಗಳು ಅಂಕಿತಾ ರಜೆಯಲ್ಲಿ ಇಂಗ್ಲೆಂಡಿನ ತೋಟವೊಂದಕ್ಕೆ ಸ್ಟ್ರಾಬೆರಿ ಕೊಯ್ಯಲು ಹೋಗುತ್ತಾಳಂತೆ. ಕೆಲಸ ತಾನೇ ಹುಡುಕಿಕೊಂಡಿದ್ದಾಳೆ. ನನ್ನ ಒಪ್ಪಿಗೆಯೊಂದೇ ಬಾಕಿ. ಬೆಳಿಗ್ಗೆ ಆಗದು ಎಂದೆ. ಈ ಮನೆಯ ಹೆಂಗಸರು ನೆರೆಯವರ ಗದ್ದೆಗೆ ಮುಯ್ಯಾಳಾಗಿ ಹೋಗಿದ್ದೇವೆ, ಅವರೂ ನಮ್ಮ ಗದ್ದೆಗೆ ಬಂದಿದ್ದಾರೆ. ಕೂಲಿಗೆ ಯಾರೂ ಹೋದವರಲ್ಲ. ಹುಡುಗಿ ತಲೆಯಾಡಿಸಿ ಒಳಗೆ ಹೋದಳು. ಅದೇ ಹೆಚ್ಚು ಚುಚ್ಚಿತು.

ಸಂಜೆ ಪಕ್ಕದ ಮನೆಯ ಗಂಗಿ ಬಂದು ಜಗಲಿಯಲ್ಲಿ ಕುಳಿತಳು.

"ಮೊಮ್ಮಗಳು ಪರದೇಶಕ್ಕೆ ಹೋಗ್ತದಂತೆ. ಎಂತ ಕೆಲಸ ಅಕ್ಕಾ?"

ಅವಳೆದುರು ಕೂಲಿ ಎನ್ನಲು ನಾಲಿಗೆ ಏಳಲಿಲ್ಲ. "ಮುಯ್ಯಾಳು" ಎಂದುಬಿಟ್ಟೆ.

"ಹಂಗಾರೆ ಆ ಬಿಳಿಯರು ನಮ್ಮ ಗದ್ದೆ ನೆಟ್ಟಿಗೆ ಯಾವಾಗ ಬತ್ರು? ಗಂಜಿ ಜಾಸ್ತಿ ಬೇಯ್ಸಬೇಕು!"

ಒಳಗೆ ಅಂಕಿತಾ ನಕ್ಕದ್ದು ಕೇಳಿಸಿತು. ನನಗೆ ರೇಗಿತು.

"ಕೂಲಿಗೇ ಹೋಗ್ತದೆ. ದುಡಿದು ತಿನ್ನೂಕೆ ನಾಚಿಕೆ ಎಂತದು?" ಎಂದೆ, ಜೋರಾಗಿಯೇ.

ಅಂಕಿತಾ ಬಾಗಿಲಿಗೆ ಬಂದಳು. "ಹಂಗಾರೆ ನಾ ಹೋಗ್ತೆ ಅಜ್ಜಿ, ಆತಾ?"

ಆಡಿದ ಮಾತನ್ನು ನಾನು ಎಂದೂ ಹಿಂದೆ ತೆಗೆದುಕೊಂಡವಳಲ್ಲ. ಅದು ಅವಳಿಗೂ ಗೊತ್ತು. ಹೋಗಲಿ. ಅಲ್ಲಿ ಬೇಸಿಗೆಯಲ್ಲೂ ಚಳಿಯಂತೆ. ಪೆಟ್ಟಿಗೆಯಲ್ಲಿರುವ ನನ್ನ ಉಣ್ಣೆಯ ಶಾಲನ್ನು ನಾಳೆ ಬಿಸಿಲಿಗೆ ಹಾಕಬೇಕು.