ಪ್ರಾಸ ಬಿಟ್ಟ ದಿನಗಳು

ಮಾರ್ಚ್ ೪, ಬೆಳಿಗ್ಗೆ ೭
ಮಾತ್ರೆ ನುಂಗಿದೆ. ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದೆ. ಸಿಸ್ಟರ್ ಟಾರ್ಚ್ ಬಿಟ್ಟು ನೋಡಿದರು. ನಲವತ್ತಾರು ವರ್ಷದಲ್ಲಿ ನನ್ನ ಬಾಯಿಯ ಬಗ್ಗೆ ಯಾರೂ ಇಷ್ಟು ಆಸಕ್ತಿ ತೋರಿಸಿರಲಿಲ್ಲ.
‘ಹೊತ್ತಿಗೆ ಮೂರು ಗುಳಿಗೆ, ಉಳಿದದ್ದೆಲ್ಲ ಬರೀ ಗಳಿಗೆ’ ಎಂದೆ. ನಗಲಿಲ್ಲ. ಬರೆದುಕೊಂಡರು.

ಮಾರ್ಚ್ ೫
ಈ ಮಾನಸಿಕ ಆಸ್ಪತ್ರೆಗೆ ಬಂದು ವಾರವಾಯಿತು. "ಬಿಪಿ ನೋಡಿಸ್ಕೊಂಡು ಬರೋಣ ಬಾರೋ" ಎಂದು ಅಕ್ಕ ಕರೆತಂದಳು. ಬಿಪಿ ನೋಡಿದರು, ಸುಳ್ಳಲ್ಲ. ಆಮೇಲೆ ಬೆಲ್ಟು, ಫೋನು, ಚಪ್ಪಲಿ ತೆಗೆದುಕೊಂಡರು. ನಾನು ಬೇಡ ಬೇಡ ಅನ್ನುತ್ತಲೇ ಇದ್ದೆ. ಅಕ್ಕ ನನ್ನ ಕಡೆ ನೋಡದೆ ಸಹಿ ಹಾಕಿದಳು.
ಆರು ದಿನ ನಿದ್ದೆ ಮಾಡಿರಲಿಲ್ಲ — ಒಪ್ಪುತ್ತೇನೆ. ನಾನು ಕೆಲಸ ಮಾಡುವ ಗೋದಾಮಿನ ನಾನೂರು ಪೆಟ್ಟಿಗೆಗಳ ಮೇಲೆ ವಿಳಾಸದ ಜಾಗದಲ್ಲಿ ಪದ್ಯ ಬರೆದಿದ್ದೆ — ಅದನ್ನೂ ಒಪ್ಪುತ್ತೇನೆ. ಯಾರಿಗೂ ಏಟು ಬಿದ್ದಿಲ್ಲವಲ್ಲ...

ಮಾರ್ಚ್ ೬, ಮಧ್ಯಾಹ್ನ
ಪಕ್ಕದ ಮಂಚದ ಮೇಷ್ಟ್ರಿಗೆ ಈ ವಾರ್ಡು ಮೂರನೇ ಸಲ. ಹತ್ತಿರ ಕರೆದರು.
"ನಿಮ್ಮ ಫೈಲಲ್ಲಿ ಏನು ಬರ್ದಿದಾರೆ ಗೊತ್ತಾ? ಪ್ರಾಸ ಹಾಕಿ ಮಾತಾಡ್ತಾರೆ ಅಂತ. ಇಲ್ಲಿ ಅದೂ ಒಂದು ಲಕ್ಷಣ ಕಣ್ರೀ."
"ಕಾಲೇಜಿಂದ್ಲೂ ಹೀಗೇ ಮೇಷ್ಟ್ರೇ."
"ಕಾಲೇಜಲ್ಲಿ ಬಹುಮಾನ ಕೊಟ್ರು, ಇಲ್ಲಿ ಇಂಜೆಕ್ಷನ್ ಕೊಡ್ತಾರೆ. ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ಇಲ್ಲಿ ಆಡಿದ್ರೆ ಫೈಲಿಗೆ ಹೋಯ್ತು. ಹತ್ತನೇ ತಾರೀಖು ಡಾಕ್ಟ್ರು ತೀರ್ಮಾನ ಮಾಡ್ತಾರೆ — ಮನೆಗಾ, ಇನ್ನೊಂದು ತಿಂಗಳಾ ಅಂತ. ಅಲ್ಲೀವರೆಗೂ ಬಾಯಿಗೆ ಬೀಗ."
ಬೀಗ... ಬೇಗ... ತಡೆದುಕೊಂಡೆ.

ಮಾರ್ಚ್ ೯
ಮೂರು ದಿನ. ಒಂದೂ ಪ್ರಾಸವಿಲ್ಲ. ಹೂಂ. ಉಹೂಂ. ಸರಿ ಸಿಸ್ಟರ್. ಅಷ್ಟೇ. ಸೀನು ತಡೆದ ಹಾಗೆ ತಡೆಯುತ್ತೇನೆ, ಕಣ್ಣಲ್ಲಿ ನೀರು ಬರುತ್ತದೆ. ಮೇಷ್ಟ್ರು ಬೆನ್ನು ತಟ್ಟಿದರು. "ಫಸ್ಟ್ ಕ್ಲಾಸ್!"

ಮಾರ್ಚ್ ೧೦, ಸಂಜೆ ೪
ಡಾಕ್ಟ್ರು ಪರೀಕ್ಷೆ ಮಾಡಿದರು. ತಾರೀಖು, ವಾರ, ನೂರರಿಂದ ಏಳೇಳು ಕಳೆಯುವುದು — ಎಲ್ಲ ಸರಿ. ಡಾಕ್ಟ್ರು ತಲೆದೂಗಿ ಅಕ್ಕನ ಕಡೆ ತಿರುಗಿದರು. "ಮನೆಗೆ ಕರ್ಕೊಂಡು ಹೋಗ್ತೀರಾ?"
ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಯಾಕೋ ಹೀಗಿದೀಯ? ಏನಾದ್ರೂ ಒಂದು ಪದ್ಯ ಹೇಳೋ."
ಡಾಕ್ಟರ ಕೈಯಲ್ಲಿ ಪೆನ್ನು.
"ಬೇಡಕ್ಕ."
"ಅಪ್ಪ ಹೋದ ದಿನಾನೂ ಒಂದು ಸಾಲು ಹೇಳಿ ನನ್ನ ನಗಿಸಿದ್ದ ಡಾಕ್ಟ್ರೇ. ಇವ್ನು ನನ್ನ ತಮ್ಮನೇ ಅಲ್ಲ. ಹೀಗಿರೋನ್ನ ಒಬ್ಬನ್ನೇ ಬಿಟ್ಟು ನಾನು ಹೇಗೆ ಕೆಲಸಕ್ಕೆ ಹೋಗ್ಲಿ? ಪೂರ್ತಿ ಗುಣ ಆಗ್ಲಿ..."
ಅತ್ತಳು. ಅಳುತ್ತಲೇ ಸಹಿ ಹಾಕಿದಳು. ಇನ್ನೊಂದು ತಿಂಗಳು.
ಹೇಳಿದ್ದರೆ ಡಾಕ್ಟ್ರು ಬಿಡುತ್ತಿರಲಿಲ್ಲ. ಹೇಳದಿದ್ದಕ್ಕೆ ಅಕ್ಕ ಬಿಡಲಿಲ್ಲ.

ಮಾರ್ಚ್ ೧೭
ಹೊಸ ಮಾತ್ರೆ, ಹಳದಿ. ತಲೆಯೊಳಗೆ ಹತ್ತಿ ತುರುಕಿದ ಹಾಗಿದೆ. ಅಕ್ಕನಿಗೆ ಎರಡು ಸಾಲು ಕಳಿಸಬೇಕು, ಸಿಸ್ಟರ್ ಕಣ್ಣಿಗೆ ಬೀಳದಂತೆ. ಬೆಳಿಗ್ಗೆಯೇ ಮೊದಲ ಸಾಲು ಬಂತು —
ಅಕ್ಕಾ, ನಿನ್ನ ತಮ್ಮ ಇಲ್ಲೇ ಇದ್ದಾನೆ
ಈಗ ಊಟದ ಗಂಟೆಯೂ ಹೊಡೆಯಿತು, ಎರಡನೇ ಸಾಲು ಬಂದಿಲ್ಲ. ಸಲೀಸು ಪ್ರಾಸ, ಮಕ್ಕಳೂ ಹೇಳುತ್ತವೆ. ಇದ್ದಾನೆ... ಇದ್ದಾನೆ...