ಕ್ಯಾಂಡಿಯಲ್ಲಿ ಕಿಟಕಿಯೊಳಗೆ ಒಗೆದ ಚೀಲ

ಕ್ಯಾಂಡಿ ರೈಲು ನಿಲ್ದಾಣ, ಶ್ರೀಲಂಕಾ
22 ಏಪ್ರಿಲ್ 2025, ಮುಂಜಾನೆ

ಅಮ್ಮಿಗೆ ಹಿರಿಮಗಳು ನಾಹಿದಾಳ ಸಲಾಮು.

ಮೇಲಿನ ಊರಿನ ಹೆಸರು ನೋಡಿ ಕಾಗದ ಹರಿಯಬೇಡ. ಮೊದಲು ಕುಳಿತುಕೋ, ಒಂದು ತಂಬಿಗೆ ನೀರು ಕುಡಿ, ಆಮೇಲೆ ಬೈಯುವಿಯಂತೆ. ಸಾಲೆಯ ಟೀಚರುಗಳ ಜೊತೆ ಕೇರಳ ನೋಡಲು ಹೊರಟಿದ್ದೇನೆ ಎಂದು ಹೇಳಿದ್ದು ಶುದ್ಧ ಸುಳ್ಳು. ನಮ್ಮ ಹುನಗುಂದ ಸಾಲೆಯ ಟೀಚರುಗಳೆಲ್ಲ ಈಗ ಅವರವರ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಾರೆ. ನಾನೊಬ್ಬಳೇ ವಿಮಾನ ಹತ್ತಿ ಲಂಕೆಗೆ ಬಂದಿದ್ದೇನೆ. ಯಾರ ಮನೆಗೆ ಎಂದು ಬೇರೆ ಹೇಳಬೇಕೇ? ತಂಗಿ ಫರಹಾನಾಳ ಮನೆಗೆ. ಫೋನಿನಲ್ಲಿ ಹೇಳೋಣವೆಂದರೆ ಅವಳ ಹೆಸರು ಕಿವಿಗೆ ಬಿದ್ದೊಡನೆ ನೀನು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ಅವಳಿಗೆ ಏಳು ತಿಂಗಳು, ಅಮ್ಮಿ. ಹೇಳಿಬಿಟ್ಟೆ. ವಿಮಾನ ಹತ್ತಬೇಡ ಎಂದು ಡಾಕ್ಟರು ಹೇಳಿದ್ದಾರಂತೆ. ಚೊಚ್ಚಲ ಬಾಣಂತನಕ್ಕೆ ಅವಳು ತವರಿಗೆ ಬರಲಾರಳು, ಅಂದಮೇಲೆ ತವರೇ ಅವಳ ಹತ್ತಿರ ಬರಬೇಕು. ನೀನು ಬರಬೇಕು. ಈ ಕಾಗದದಲ್ಲಿ ಮುಖ್ಯವಾದ ಮಾತು ಇದೊಂದೇ, ಉಳಿದದ್ದೆಲ್ಲ ನನ್ನ ಗೋಳು.

ಲಂಕೆಯಿಂದ ಧಾರವಾಡಕ್ಕೆ ಕೃಷಿ ಓದಲು ಬಂದಿದ್ದ ಅಫ್ಜಲನ ಜೊತೆ ನಾಲ್ಕು ವರ್ಷದ ಹಿಂದೆ ಅವಳ ನಿಕಾಹ್ ಆದಾಗ ನೀನು, "ಸಮುದ್ರದ ಆಚಿ ಮನಿ ಮಾಡಿದಾಕಿ ನನ್ನ ಪಾಲಿಗಿಲ್ಲ" ಎಂದೆ. ಕಾಸಿಂಬಿ, ನಿನ್ನ ಮಾತೆಂದರೆ ಇಳಕಲ್ಲಿನ ಗ್ರಾನೈಟು, ಗೊತ್ತು. ಆದರೆ ಹೋದ ವರ್ಷ ಉಮ್ರಾಕ್ಕೆ ಹೋದೆಯಲ್ಲ, ಆಗ ನೀನು ದಾಟಿದ್ದು ಸಮುದ್ರವೋ, ಊರ ಮುಂದಿನ ಹಳ್ಳವೋ?

ಇರಲಿ. ಈಗ ಜಗಳಕ್ಕೆ ನನ್ನಲ್ಲಿ ಶಕ್ತಿಯಿಲ್ಲ. ಚೀಲ ಕಳೆದುಕೊಂಡು ಬೆಂಚಿನ ಮೇಲೆ ಕುಳಿತಿದ್ದೇನೆ. ನೀನು "ಟೀಚರುಗಳಿಗೆ" ಎಂದು ತುಂಬಿಕೊಟ್ಟ ಚೀಲವೇ! ನಲವತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿಯ ಪುಡಿ, ಅಮೀನಗಡದ ಕರದಂಟು. ಖರೆ ಹೇಳಬೇಕೆಂದರೆ ಅದೆಲ್ಲ ಫರಹಾನಾಳ ಬಯಕೆ. ಬಸುರಾದಾಗಿನಿಂದ ಫೋನಿನಲ್ಲಿ ಒಂದೇ ಹಾಡು: "ಅಕ್ಕಾ, ಅಮ್ಮಿ ಬಡದ ರೊಟ್ಟಿ ಬೇಕು."

ಆದದ್ದು ಇಷ್ಟು. ಫರಹಾನಾಳ ಬಂಡಾರವೇಲಾ ಇರುವುದು ಗುಡ್ಡದ ಮೇಲೆ, ಈ ದೇಶಕ್ಕೆ ಬಂದವರೆಲ್ಲ ಆ ಕಡೆಗೆ ಹೋಗುವುದು ರೈಲಿನಲ್ಲಿ. ನನಗೆ ರಿಸರ್ವೇಶನ್ ಸಿಕ್ಕಿರಲಿಲ್ಲ. ಗಾಡಿ ಬಂತು, ಪ್ಲಾಟ್‌ಫಾರ್ಮಿನಲ್ಲಿ ಇರುವೆ ಮುತ್ತಿದ ಹಾಗೆ ಜನ. ನನ್ನ ಕೈ ತಾನಾಗಿ ಕೆಲಸ ಮಾಡಿತು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಕಲಿಸಿದ ವಿದ್ಯೆ: "ಮೊದಲ ಕಿಟಕ್ಯಾಗ ಚೀಲ ಒಗಿ, ಆಮ್ಯಾಲ ಬಾಗಲಾ ನೋಡು." ಒಗೆದೆ. ಕಿಟಕಿಯ ಸೀಟಿನ ಮೇಲೆಯೇ ಬಿತ್ತು, ಶಹಬ್ಬಾಸ್ ಎಂದುಕೊಂಡೆ. ಆದರೆ ಇಳಕಲ್ಲಿಗೆ ರೈಲೆಲ್ಲಿದೆ? ನಾವು ಬಸ್ಸಿನ ಮಂದಿ. "ತಡೀರಿ, ಅಕ್ಕಾರು ಹತ್ತಲಿ" ಎನ್ನುವ ಕಂಡಕ್ಟರ್ ಇಲ್ಲಿಲ್ಲ. ಬಾಗಿಲಲ್ಲಿ ಪರದೇಶದ ಹುಡುಗಿಯರು ಕಾಲು ಇಳಿಬಿಟ್ಟುಕೊಂಡು ಫೋಟೋಕ್ಕೆ ಕುಳಿತಿದ್ದರು. ಮುಂದಿನ ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಗಾಡಿ ಹೊರಟಿತು, ಅದೂ ಬಂದ ದಿಕ್ಕಿಗೇ! ಕ್ಯಾಂಡಿಯಲ್ಲಿ ಎಂಜಿನ್ನನ್ನು ಈ ತುದಿಯಿಂದ ಆ ತುದಿಗೆ ಜೋಡಿಸುತ್ತಾರೆಂದು ನನಗೇನು ಕನಸು ಬಿದ್ದಿತ್ತೇ? ನಾನು ಮುಂದಕ್ಕೆ ಓಡಿದೆ, ಅದು ಹಿಂದಕ್ಕೆ ಹೋಯಿತು.

ಅತ್ತುಬಿಟ್ಟೆ, ಅಮ್ಮಿ. ಮೂವತ್ತಾರು ವರ್ಷದ ಹೆಂಗಸು ನಾಲ್ಕು ಮಂದಿಯೆದುರು ರೊಟ್ಟಿಗಾಗಿ ಅತ್ತೆ. ಸ್ಟೇಷನ್ ಮಾಸ್ತರರು ಮುಂದಿನ ಸ್ಟೇಷನ್ನುಗಳಿಗೆ ಫೋನ್ ಮಾಡಿದ್ದಾರೆ. ಮುಂದಿನ ಗಾಡಿಗೆ ಇನ್ನೂ ಒಂದು ತಾಸು ಇದೆ. ಫರಹಾನಾಳ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲಲಿ?

ಬಂಡಾರವೇಲಾ, 23 ಏಪ್ರಿಲ್

ಚೀಲ ಸಿಕ್ಕಿತು. ನಿನ್ನ ಕಳ್ಳತನವೂ ಸಿಕ್ಕಿತು.

"ನಾನುಓಯಾ" ಎಂಬ ಹೆಸರಿನ ಸ್ಟೇಷನ್ನಿನಲ್ಲಿ ಅದನ್ನು ಇಳಿಸಿಕೊಂಡಿದ್ದಾರೆಂದು ತಿಳಿಯಿತು. ನಾಲ್ಕು ತಾಸು ನಿಂತೇ ಹೋದೆ. ಗಾಡಿ ಎಷ್ಟು ಮೆಲ್ಲಗೆ ಹತ್ತುತ್ತದೆಂದರೆ ಚಹಾ ಎಲೆ ಕೀಳುವ ಹೆಂಗಸರ ಬಳೆ ಎಣಿಸಬಹುದು. ಒಬ್ಬ ವಡೆ ಮಾರುತ್ತ ಬಂದ. ವಡೆ ಸುತ್ತಿದ್ದು ಯಾವುದೋ ಮಗುವಿನ ಲೆಕ್ಕದ ಹಾಳೆ, ಹತ್ತಕ್ಕೆ ನಾಲ್ಕು. ಅಂಥ ಸಂಕಟದಲ್ಲೂ ತಪ್ಪು ಹುಡುಕಿದೆ. ಹಾಳು ಟೀಚರ ಬುದ್ಧಿ!

ಅಲ್ಲಿಯ ಗುಮಾಸ್ತರು ಸ್ವೆಟರು ಹಾಕಿದ ವಯಸ್ಸಾದ ಮನುಷ್ಯ, ಭಾಳ ನಿಯಮದವರು. ಚೀಲದಲ್ಲಿ ಏನೇನಿದೆ ಹೇಳು ಎಂದರು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ರೊಟ್ಟಿ, ಹಿಂಡಿ, ಕರದಂಟು, ನನ್ನ ಎರಡು ಚೂಡಿದಾರ, ಎಲ್ಲ ಹೇಳಿದೆ. ಇನ್ನೂ ಒಂದು ವಸ್ತು ಇದೆ, ಅದನ್ನು ಹೇಳಿದರೆ ಮಾತ್ರ ಚೀಲ ನಿನ್ನದು ಎಂದರು. ಟವೆಲ್ ಎಂದೆ. ಅಲ್ಲ. ಉಪ್ಪಿನಕಾಯಿ? ಅಲ್ಲ. ಚಪ್ಪಲಿ? ತಲೆಯಾಡಿಸಿ ಚೀಲವನ್ನು ತಮ್ಮ ಕಡೆಗೇ ಎಳೆದುಕೊಂಡರು. ಕೊನೆಗೆ, ಇದನ್ನು ತುಂಬಿದ್ದು ನಾನಲ್ಲ, ನಮ್ಮ ತಾಯಿ ಎಂದೆ. ಅವರು ನನ್ನ ಮುಖವನ್ನೇ ನೋಡಿ, ರೊಟ್ಟಿಯ ಅಡಿಗೆ ಕೈಹಾಕಿ ಅದನ್ನು ತೆಗೆದರು.

ಕೂಸಿನ ತಲೆಗೆ ಹಾಕುವ ಕುಲಾಯಿ. ಗುಳೇದಗುಡ್ಡದ ಕೆಂಪು ಖಣದ್ದು, ಕಿವಿಯ ಹತ್ತಿರ ನೀನು ಹಾಕುವ ಆ ಅಡ್ಡ ಹೊಲಿಗೆ.

ನಾನು ಅತ್ತದ್ದು ನೋಡಿ ಗುಮಾಸ್ತರು ಮತ್ತೇನೂ ಕೇಳದೆ ಸಹಿ ಮಾಡಿಸಿಕೊಂಡು ಚೀಲ ಕೊಟ್ಟರು.

ಎಲಾ ಕಾಸಿಂಬಿ! ಹಿತ್ತಲಲ್ಲಿ ನಾನು ಫೋನಿನಲ್ಲಿ ಪಿಸುಗುಟ್ಟಿದ್ದನ್ನೆಲ್ಲ ಕೇಳಿಸಿಕೊಂಡೆಯಾ? "ಕೇರಳದಾಗ ಬಿಸಿಲು ಭಾಳಂತ, ಛತ್ರಿ ತಗೊಂಡು ಹೋಗು" ಎಂದು ಎಷ್ಟು ಮುಗ್ಧವಾಗಿ ಹೇಳಿದೆಯಲ್ಲ! ಟೀಚರುಗಳಿಗೆ ಯಾರಾದರೂ ಕುಲಾಯಿ ಹೊಲಿಯುತ್ತಾರೆಯೇ? ನಾನು ನಿನಗೆ ಸುಳ್ಳು ಹೇಳುತ್ತಿದ್ದೆ, ನೀನು ನನಗೆ. ಎಷ್ಟು ಸಂತೋಷವಾಯಿತು ಎಂದರೆ, ಬರಬೇಕಾಗಿದ್ದ ಸಿಟ್ಟು ಬರಲೇ ಇಲ್ಲ.

ನಿನ್ನೆ ಸಂಜೆ ಅಫ್ಜಲ ಬಂಡಾರವೇಲಾ ಸ್ಟೇಷನ್ನಿಗೆ ಬಂದಿದ್ದ. ಫರಹಾನಾ ರೊಟ್ಟಿಯ ಚೂರುಗಳನ್ನು ಎಣ್ಣೆ ಕಲಸಿದ ಹಿಂಡಿಯಲ್ಲಿ ಅದ್ದಿ ಅದ್ದಿ ತಿಂದಳು. ಆಮೇಲೆ ಕುಲಾಯಿ ಕೊಟ್ಟೆ. ಅದನ್ನು ಮುಷ್ಟಿಗೆ ತೊಡಿಸಿಕೊಂಡು ನೋಡುತ್ತ ಕುಳಿತಳು. "ಅಮ್ಮಿ ಬರ್ತಾಳೇನು?" ಎಂದು ಒಂದೇ ಮಾತು ಕೇಳಿದಳು. ಗೊತ್ತಿಲ್ಲ ಎಂದೆ. ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು.

ಬಾ ಅಮ್ಮಿ. ಪಾಸ್‌ಪೋರ್ಟು ಹಸಿರು ಟ್ರಂಕಿನಲ್ಲಿದೆ. ವೀಸಾವನ್ನು ತಮ್ಮ ತೌಸಿಫ ಮೊಬೈಲಿನಲ್ಲೇ ಮಾಡಿಸುತ್ತಾನೆ, ಬೆಂಗಳೂರಿನಲ್ಲಿ ವಿಮಾನವನ್ನೂ ಹತ್ತಿಸುತ್ತಾನೆ. ಕೊಲಂಬೊದಲ್ಲಿ ನಾನೂ ಅಫ್ಜಲನೂ ಇರುತ್ತೇವೆ. ಅಲ್ಲಿಂದ ನಸುಕಿನ ಗಾಡಿ, ಒಂಬತ್ತು ತಾಸು, ಈ ಸಲ ರಿಸರ್ವೇಶನ್ ಮಾಡಿಸಿಯೇ. ಇಲ್ಲಿ ಥಂಡಿ ಇದೆ, ಕೌದಿ ತಾ. ಕ್ಯಾಂಡಿಯಲ್ಲಿ ಗಾಡಿ ಹಿಂದಕ್ಕೆ ಹೊರಟರೆ ಗಾಬರಿಯಾಗಬೇಡ, ಅದು ಮಗಳ ಮನೆಯ ಕಡೆಗೇ ಬರುತ್ತದೆ.

ನಿನ್ನಿಂದಲೇ ಸುಳ್ಳು ಕಲಿತ ಮಗಳು,
ನಾಹಿದಾ

ತಾ.ಕ.: ಅಮ್ಮಿ, ನಾ ಫರಹಾನಾ. ಟಪಾಲಿಗೆ ಹಾಕು ಅಂತ ಅಕ್ಕ ನನ್ನ ಕೈಯಾಗ ಕೊಟ್ಟಳು, ನಾ ಒಡದು ಓದೀನಿ. ಅಂಜತಾಳಂತ ಅಕ್ಕಗೂ ಹೇಳಿಲ್ಲ, ಮೊದಲ ನಿನಗ ಹೇಳ್ತೇನಿ. ಹೊಟ್ಟ್ಯಾಗ ಎರಡು ಅದಾವಂತ. ಇನ್ನೊಂದು ಕುಲಾಯಿ ಹೊಲಿ. ಯಾರ ಕೈಯಾಗೂ ಕಳಸಬ್ಯಾಡ, ನೀನ ತಗೊಂಡು ಬಾ.